ನಾಲ್ಕೂವರೆ ಬಸ್ಸು, ಮೂರನೇ ಬೇರು

ಆ ಜುಲೈ ಮಧ್ಯಾಹ್ನ ನೆನಪಾದ್ರೆ ಈಗಲೂ ಮುಖ ಬಿಸಿಯಾಗುತ್ತೆ. ತೀರ್ಥಹಳ್ಳಿಯಲ್ಲಿ ನಾನು ಕೆಲಸ ಮಾಡ್ತಿದ್ದ ಹಲ್ಲಿನ ಕ್ಲಿನಿಕ್ಕಿಗೆ ಆಗುಂಬೆ ಕಡೆಯ ಯಜಮಾನರೊಬ್ಬರು ಬಂದ್ರು. ಗೋಟಡಿಕೆ ಕಚ್ಚಿ ಕೆಳಗಿನ ಬಲಗಡೆಯ ಆರನೇ ಹಲ್ಲು ಹೋಳಾಗಿತ್ತು. ಹದಿನೈದು ದಿನ ಲವಂಗ, ಹೊಗೆಸೊಪ್ಪು ಎಲ್ಲ ಇಟ್ಟು ನೋಡಿ, ತಡೆಯಕ್ಕಾಗದೆ ಬಂದಿದ್ದು.

"ನಾಲ್ಕೂವರೆ ಬಸ್ಸಿಗೆ ಬಿಟ್ಬಿಡಿ ಡಾಕ್ಟ್ರೇ, ಅದು ತಪ್ಪಿದ್ರೆ ಕಷ್ಟ."

ಆಗ ಮೂರೂಕಾಲು. ಹಲ್ಲಿನ ಎಕ್ಸ್‌ರೇ ತೆಗೆಯೋ ಆರ್‌ವಿಜಿ ಸೆನ್ಸರ್ ಕೆಟ್ಟು ಎರಡು ತಿಂಗಳಾಗಿತ್ತು. ಓನರ್‌ಗೆ ಹೇಳಿದಾಗಲೆಲ್ಲ "ಮುಂದಿನ ತಿಂಗಳು ನೋಡೋಣ". ಬಾಗಿಲ ಮೇಲಿನ ಎಲ್‌ಇಡಿ ಬೋರ್ಡು ಮಾತ್ರ ಕೇಳಿದ ವಾರಕ್ಕೇ ಬಂತು. ಆದ್ರೆ ತಪ್ಪು ಸೆನ್ಸರ್‌ದಲ್ಲ. ರಸ್ತೆ ದಾಟಿದ್ರೆ ಎಕ್ಸ್‌ರೇ ತೆಗೆಯೋರಿದ್ರು. ಕೆಳಗಿನ ಆರನೇ ಹಲ್ಲು, ಎರಡೇ ಬೇರು, ಎಷ್ಟು ಕಿತ್ತಿಲ್ಲ ಅಂದ್ಕೊಂಡೆ.

ಬಿಪಿ ನೋಡಿ ಬ್ಲಾಕ್ (ಜೋಮು ಬರಿಸೋ ಇಂಜೆಕ್ಷನ್) ಕೊಟ್ಟೆ, ತುಟಿ ಜೋಮು ಹಿಡೀತು. ಮುಂದಿನ ಬೇರು ಎಲಿವೇಟರ್‌ಗೆ, ಅಂದ್ರೆ ಬೇರು ಮೀಟೋ ಉಪಕರಣಕ್ಕೆ, ಸಲೀಸಾಗಿ ಎದ್ದು ಬಂತು. ಹಿಂದಿನದೂ ಬಂತು. ಬರುವಾಗ ಚಿಟಕ್ ಅಂತ ಸಣ್ಣ ಸದ್ದು. ಕೇಳಿಸ್ತು ನಂಗೆ. ಕೇಳಿಸದವಳ ಹಾಗೆ ಗಾಜ್ ಕಚ್ಚಿಸಿ, "ಆಯ್ತು, ಬಸ್ಸು ಸಿಗುತ್ತೆ" ಅಂದ್ಬಿಟ್ಟೆ.

ಅಸಿಸ್ಟೆಂಟ್ ಹುಡುಗಿ ಟ್ರೇ ಮೇಲೆ ಬಗ್ಗಿ, "ಮೇಡಂ, ಇಲ್ಲಿ ಮುರಿದಂಗಿದೆಯಲ್ಲಾ" ಅಂದ್ಲು. ಹಿಂದಿನ ಬೇರಿನ ನಾಲಿಗೆ ಬದಿಯಲ್ಲಿ ಬೆಳ್ಳಗೆ ಹೊಸ ಮುರುಕು. ಮೂರನೇ ಬೇರು! ರ‍್ಯಾಡಿಕ್ಸ್ ಎಂಟೊಮೊಲ್ಯಾರಿಸ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ ಅದು. ಸಣ್ಣದು, ಕೊಕ್ಕೆ ಹಾಗೆ ಬಾಗಿರುತ್ತೆ.

ಗಾಜ್ ತೆಗೆಸಿ ಮತ್ತೆ ಬಾಯಿ ತೆರೆಸಿದೆ. ಕರೆಂಟ್ ಹೋಯ್ತು.

ಕಂಪ್ರೆಸರ್ ನಿಂತ್ತು, ಸಕ್ಷನ್ ನಿಂತ್ತು, ಚೇರ್ ಲೈಟೂ ಹೋಯ್ತು. ಯುಪಿಎಸ್‌ಗೆ ಎರಡು ಟ್ಯೂಬ್‌ಲೈಟಿನಷ್ಟೇ ತಾಕತ್ತು. ಹುಡುಗಿ ಮೊಬೈಲ್ ಟಾರ್ಚ್ ಹಿಡಿದ್ಲು. ಗುಂಡಿ ತುಂಬ ರಕ್ತ, ಗಾಜಲ್ಲಿ ಒರೆಸಿದಷ್ಟೂ ತುಂಬ್ತಿತ್ತು. ಕ್ರಯರ್ ಅನ್ನೋ ಇನ್ನೊಂದು ಎಲಿವೇಟರ್ ಹಾಕಿ ತಡಕಿದೆ. ಆ ಬದಿಯ ಮೂಳೆ ತೆಳು, ಕೆಳಮುಖ ಒತ್ತಿದ್ರೆ ತುಂಡು ಮೂಳೆ ದಾಟಿ ನಾಲಿಗೆಯಡಿಗೆ ಜಾರಬಹುದು. ಅದು ಗೊತ್ತಿದ್ದೂ ಎರಡು ಸಲ ಒತ್ತಿದೆ. ಮೂರನೇ ಸಲಕ್ಕೆ ಕೈ ನಡುಗ್ತು, ಉಪಕರಣ ಕೆಳಗಿಟ್ಟೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

"ಒಂದು ಬೇರು ಒಳಗೇ ಉಳಿದಿದೆ. ಮೊದಲೇ ಎಕ್ಸ್‌ರೇ ತೆಗೆಸಬೇಕಿತ್ತು, ತೆಗೆಸಿಲ್ಲ. ಕರೆಂಟ್ ಬರೋವರೆಗೆ ಕಾಯೋಣ" ಅಂದೆ. ಅವರು ಗಡಿಯಾರ ನೋಡಿದ್ರು, ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಇನ್ನೊಂಚೂರು ಮದ್ದು ಕೊಟ್ಟು, ಮೈಕ್ರೋಮೋಟರಲ್ಲಿ ಸಲೈನ್ ಬಿಡ್ತಾ ನಡುವಿನ ಮೂಳೆ ಸವೆಸಿದ್ಮೇಲೆ ತುಂಡು ಮೇಲೆದ್ದು ಬಂತು. ಎರಡು ಹೊಲಿಗೆ. ಗಂಟೆ ಐದಾಗಿತ್ತು.

ಈಗ ಕೆಳಗಿನ ಆರನೇ ಹಲ್ಲಿಗೆ ಎರಡು ಎಕ್ಸ್‌ರೇ ಫಿಲಂ ತೆಗೆಸ್ತೀನಿ. ನೇರ ತೆಗೆದ್ರೆ ಮೂರನೇದು ಹಿಂದಿನ ಬೇರಿನ ಮರೆಗೆ ಹೋಗುತ್ತೆ, ಟ್ಯೂಬ್ ಓರೆ ಹಿಡಿದು ಇನ್ನೊಂದು ಬೇಕು. ಓನರ್‌ಗೆ ಎಲ್ಲ ವರದಿ ಮಾಡಿದ್ರೆ ಅವರು ಕೇಳಿದ್ದು, "ಫೀಸ್ ಸರ್ಜಿಕಲ್‌ದು ತಗೊಂಡ್ರಾ?"

ಯಜಮಾನರು ಹೋಗುವಾಗ ಮೂರೂ ಬೇರು ಕಾಗದದಲ್ಲಿ ಕಟ್ಟಿಸ್ಕೊಂಡ್ರು. ಗಾಜ್ ಕಚ್ಚಿಕೊಂಡೇ ಅರ್ಧಂಬರ್ಧ ಮಾತಲ್ಲಿ ಹೇಳಿದ್ರು: "ಮನೇಲಿ ತೋರಿಸ್ಬೇಕು. ಇಲ್ಲಾಂದ್ರೆ ಬಸ್ ತಪ್ಪಿಸ್ಕೊಂಡು ಎಲ್ಲಿ ಕೂತಿದ್ರಿ ಅಂತ ಕೇಳ್ತಾಳೆ."