ಹಾಳೆ ತಿರುಗಿಸಿದ ಮೇಲೆ

ಮಂಗಳವಾರದಿಂದ ಇದೊಂದು ದೃಶ್ಯ ಕಣ್ಣಿಂದ ಹೋಗ್ತಾನೇ ಇಲ್ಲ. ಓಟಿ ಮೇಡಂ, ಅಂದ್ರೆ ಮಗಳ ಬರವಣಿಗೆ ನೋಡೋಕೆ ಸಿಕ್ಕಿದ ಆಕ್ಯುಪೇಷನಲ್ ಥೆರಪಿಸ್ಟ್, ಅವಳ ನೋಟ್‌ಬುಕ್ ತಗೊಂಡ್ರು, ಮಧ್ಯದಲ್ಲಿ ಒಂದು ಪುಟ ತೆಗೆದ್ರು, ಬರೆದಿದ್ದನ್ನ ಓದಲೇ ಇಲ್ಲ. ಹಾಳೆ ಮಗುಚಿ, ಖಾಲಿ ಇದ್ದ ಹಿಂದಿನ ಬದಿ ಮೇಲೆ ಎರಡು ಬೆರಳಿಟ್ಟು ನಿಧಾನಕ್ಕೆ ಸವರಿದ್ರು, ಬ್ರೈಲ್ ಓದೋರು ಸವರ್ತಾರಲ್ಲ ಹಂಗೆ. ಆಮೇಲೆ ನನ್ನ ಕೈ ಹಿಡಿದು ಅಲ್ಲಿಟ್ಟು, "ಮುಟ್ಟಿ ನೋಡಿ, ಎಷ್ಟು ಕಷ್ಟಪಟ್ಟಿದಾಳೆ" ಅಂದ್ರು.

ಮುಟ್ಟಿದೆ. ಒಂದೊಂದು ಅಕ್ಷರನೂ ಉಬ್ಬಿ ನಿಂತಿತ್ತು. ಎರಡು ಕಡೆ ಹಾಳೆ ತೂತೇ ಬಿದ್ದಿತ್ತು. ಎರಡು ವರ್ಷದಿಂದ ದಿನಾ ಆ ನೋಟ್‌ಬುಕ್ ನೋಡಿದೀನಿ, ತಿದ್ದಿದೀನಿ, ಕಾಗೆ ಕಾಲು ಗುಬ್ಬಿ ಕಾಲು ಅಂದಿದೀನಿ, ಎಷ್ಟೋ ಸಲ ರಬ್ಬರಲ್ಲಿ ಅಳಿಸಿ ಮತ್ತೆ ಬರೆಸಿದೀನಿ. ಹಿಂದೆ ಒಂದು ಸಲನೂ ತಿರುಗಿಸಿ ನೋಡಿರಲಿಲ್ಲ.

ಮಗಳಿಗೆ ಈಗ ಏಳು ವರ್ಷ. ಮನೇಲೇ ಓದಿಸ್ತಿದೀವಿ, ಶುರುವಿನಿಂದಲೂ. ಕಥೆ ಹೇಳೋಕೆ ಕೂತ್ಲು ಅಂದ್ರೆ ಅರ್ಧ ಗಂಟೆ ನಿಲ್ಲಿಸಲ್ಲ, ಲೆಕ್ಕ ಬಾಯಲ್ಲೇ ಮಾಡಿ ಬಿಸಾಕ್ತಾಳೆ, ಆದ್ರೆ ಪೆನ್ಸಿಲ್ ಮುಟ್ಟಿದ ತಕ್ಷಣ ಬಾಯಾರಿಕೆ, ಬಾತ್‌ರೂಮು, ಕಾಲು ತುರಿಕೆ ಎಲ್ಲಾ ಒಟ್ಟಿಗೆ ಶುರು. ನಾನಿದನ್ನ ನೆಪ ಅಂದ್ಕೊಂಡಿದ್ದೆ. ಮನೇಲಿ ಓದಿಸೋದ್ರಲ್ಲಿ ಒಂದು ದೊಡ್ಡ ತೊಡಕು ಇಲ್ಲೇ ಇದೆ ಅಂತ ಈಗ ಅನ್ಸುತ್ತೆ. ಅವಳಿಗೆ ಉತ್ತರ ಗೊತ್ತಿದೆ ಅಂತ ನನಗೆ ಗೊತ್ತಿರುತ್ತೆ, ಅದಕ್ಕೆ ಬಾಯಲ್ಲೇ ಕೇಳಿ ಮುಂದಕ್ಕೆ ಹೋಗಿಬಿಡ್ತೀನಿ, ಪಕ್ಕದಲ್ಲಿ ಇನ್ನೊಂದು ಮಗು ಕೂತು ಬರೀತಿರಲ್ಲ, ವ್ಯತ್ಯಾಸ ಕಾಣಲ್ಲ. ಕಂಡಾಗ ಮಾತ್ರ ಸೋಮಾರಿತನದ ಹಾಗೆ ಕಾಣುತ್ತೆ.

ನಮ್ಮ ಹತ್ತಿರದ ಸಂಬಂಧಿ ಒಬ್ಬರು ಇದಾರೆ, ಮಗಳಿಗೆ ಶೀತ ಆದ್ರೂ "ಸ್ಕೂಲಿಗೆ ಹಾಕಿದ್ರೆ ಹಿಂಗಾಗ್ತಿರಲಿಲ್ಲ" ಅನ್ನೋರು. ಅವರ ಮಾತು ನನಗೆ ತಾಗಲ್ಲ ಬಿಡಿ. ನಿಜವಾಗ್ಲೂ ತೊಂದರೆ ಆಗಿದ್ದು ನಮ್ಮವರಿಂದಲೇ, ಮನೇಲಿ ಓದಿಸೋ ಬೇರೆ ತಂದೆತಾಯಿಗಳಿಂದ. "ತಾನಾಗೇ ಬರುತ್ತೆ, ಬಲವಂತ ಮಾಡಬೇಡಿ, ಈ ಕಾಲದಲ್ಲಿ ಬರೆಯೋದೇ ಯಾಕೆ, ಕೀಬೋರ್ಡ್ ಕೊಡಿ" ಅಂತಾರೆ, ತುಂಬಾ ಪ್ರೀತಿಯಿಂದಲೇ ಅಂತಾರೆ. ಆ ಪ್ರೀತಿಯ ಮಾತು ಕೇಳಿ ನಾನು ಒಂದು ವರ್ಷ ಕಳೆದೆ, ಇನ್ನೊಂದು ವರ್ಷ ಅದರ ವಿರುದ್ಧ ದಿಕ್ಕಿಗೆ ಹೋಗಿ ದಿನಕ್ಕೆ ಎರಡು ಪುಟ ಕಾಪಿ ಬರೆಸಿದೆ. ಎರಡೂ ತಪ್ಪು. ಕಾಯೋದು ಮತ್ತೆ ಗದರೋದು, ಇವೆರಡರ ಮಧ್ಯೆ "ಯಾಕೆ ಆಗ್ತಿಲ್ಲ" ಅಂತ ನೋಡೋದು ಅಂತ ಒಂದಿದೆ, ಅದು ನನಗೆ ಹೊಳೀಲಿಲ್ಲ.

ಮಂಗಳವಾರ ಮೇಡಂ ಒಂದು ಗಂಟೆ ಏನು ಮಾಡಿದ್ರು ಅಂತ ಹೇಳ್ತೀನಿ, ಯಾಕಂದ್ರೆ ಮೊದಲ ನಲವತ್ತು ನಿಮಿಷ ಪೆನ್ಸಿಲ್ಲೇ ಬರಲಿಲ್ಲ. ಹೊಟ್ಟೆ ಮೇಲೆ ಮಲಗಿಸಿ ಕೈ ಕಾಲು ತಲೆ ಒಟ್ಟಿಗೆ ನೆಲದಿಂದ ಎತ್ತಿ ಹಿಡಿ, ವಿಮಾನದ ಥರ, ಅಂದ್ರು. ಐದು ಸೆಕೆಂಡಿಗೇ ಬಿದ್ಲು. ನಾಲ್ಕು ಕಾಲಲ್ಲಿ ಕರಡಿ ಥರ ನಡಿ ಅಂದ್ರು, ಮೊಣಕೈ ಮಡಚಿ ಹೋಗ್ತಿತ್ತು. ಕಣ್ಣು ಮುಚ್ಚಿಸಿ ಒಂದು ಬೆರಳು ಮುಟ್ಟಿ "ಯಾವ ಬೆರಳು ಮುಟ್ಟಿದೆ ಹೇಳು" ಅಂದ್ರು. ಹೆಬ್ಬೆರಳು ಕಿರುಬೆರಳು ಸರಿ ಹೇಳಿದ್ಲು, ಮಧ್ಯದ ಮೂರರಲ್ಲಿ ಬರೀ ಊಹೆ. ಆಮೇಲೆ ಅವಳ ಎಡಗಡೆ ಮಣಿ ಇಟ್ಟು ಬಲಗಡೆ ಡಬ್ಬಕ್ಕೆ ಹಾಕು ಅಂದ್ರು, ಪ್ರತಿ ಸಲ ಎಡಗೈಯಲ್ಲಿ ಎತ್ತಿ, ಹೊಟ್ಟೆ ಮುಂದೆ ಬಲಗೈಗೆ ದಾಟಿಸಿ, ಹಾಕಿದ್ಲು. ಒಂದು ಕೈ ಮೈಯ ನಡುಗೆರೆ ದಾಟಿ ಆಚೆ ಹೋಗ್ತಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಬರೀಬೇಕಾದ್ರೆ ಅವಳು ಯಾಕೆ ಪುಸ್ತಕನೇ ಜರುಗಿಸ್ತಾ ಹೋಗ್ತಾಳೆ, ಯಾಕೆ ಇಡೀ ಮೈ ವಾಲಿಸ್ತಾಳೆ ಅಂತ ಆ ಕ್ಷಣ ಅರ್ಥ ಆಯ್ತು.

ಕೊನೆಗೆ ಪೆನ್ಸಿಲ್ ಕೊಟ್ರು. ಕುರ್ಚಿಯಿಂದ ಕಾಲು ನೇತಾಡ್ತಿತ್ತು, ತಲೆ ಎಡಗೈ ಮೇಲೆ ಒರಗಿತ್ತು, ಹಾಗಾಗಿ ಹಾಳೆ ಹಿಡಿಯೋ ಕೈ ಇಲ್ಲ. ಬೆರಳ ಗಂಟು ಬೆಳ್ಳಗಾಗೋ ಹಂಗೆ ಪೆನ್ಸಿಲ್ ಹಿಡಿದಿದ್ಲು, ತುಟಿ ಕಚ್ಚಿಕೊಂಡು. ಇದೆಲ್ಲ ನಾನು ದಿನಾ ನೋಡಿರೋದೇ.

ಮೇಡಂ ವಿವರಿಸಿದ್ದು ನನಗೆ ಅರ್ಥ ಆದ ಮಟ್ಟಿಗೆ ಹೀಗೆ. ನಮ್ಮ ಸ್ನಾಯು, ಕೀಲು ಎಲ್ಲಾ ಸದಾ ಮೆದುಳಿಗೆ ಸುದ್ದಿ ಕಳಿಸ್ತಾ ಇರ್ತವೆ, ಕೈ ಎಲ್ಲಿದೆ, ಎಷ್ಟು ಬಿಗಿ ಹಿಡಿದಿದೆ, ಎಷ್ಟು ಒತ್ತುತ್ತಿದೆ ಅಂತ. ಪ್ರೊಪ್ರಿಯೋಸೆಪ್ಶನ್ ಅಂತಾರೆ. ಆ ಸುದ್ದಿ ಮಸುಕಾಗಿ ಬರ್ತಿದ್ರೆ ಮಗು ಏನು ಮಾಡುತ್ತೆ? ಜೋರಾಗಿ ಒತ್ತುತ್ತೆ. ಒತ್ತಿದ್ರೇನೇ ಅದಕ್ಕೆ ಪೆನ್ಸಿಲ್ ಎಲ್ಲಿದೆ ಅಂತ ಗೊತ್ತಾಗೋದು. ಒತ್ತಿ ಒತ್ತಿ ಕೈ ಸೋಲುತ್ತೆ. ಇನ್ನು ಬೆನ್ನು, ಭುಜ ಗಟ್ಟಿ ನಿಂತಿಲ್ಲ ಅಂದ್ರೆ ಬೆರಳಿಗೆ ಸಣ್ಣ ಸಣ್ಣ ಚಲನೆ ಮಾಡೋಕೆ ಆಧಾರನೇ ಇರಲ್ಲ, ಅಲ್ಲಾಡೋ ಏಣಿ ಮೇಲೆ ನಿಂತು ಗೋಡೆಗೆ ಚಿತ್ರ ಬರೆದ ಹಾಗೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆ ಇವೆಯಂತೆ, ಹುಟ್ಟಿದಾಗ ಅವು ಬರೀ ಮೆದುಮೂಳೆ, ಒಂದೊಂದಾಗಿ ಗಟ್ಟಿಯಾಗ್ತಾ ಬರ್ತವೆ, ಕೊನೇದು ಗಟ್ಟಿಯಾಗೋಕೆ ಶುರುವಾಗೋದೇ ಸುಮಾರು 8ರಿಂದ 12 ವರ್ಷದ ಒಳಗೆ. ನಾವು ನಾಲ್ಕು ವರ್ಷಕ್ಕೇ ನಾಲ್ಕು ಗೆರೆ ಪುಸ್ತಕ ಕೊಟ್ಟು ಕೂರಿಸ್ತೀವಿ.

ಕನ್ನಡ ಅಕ್ಷರ ಯಾಕೆ ಇವಳಿಗೆ ಅಷ್ಟು ಭಾರ ಅಂತಲೂ ಅವತ್ತೇ ಗೊತ್ತಾಯ್ತು. ಇಂಗ್ಲಿಷಲ್ಲಿ ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ ಹಾಕಿದ್ರೂ ಒಂದು ಅಕ್ಷರ ಆಗಿಬಿಡುತ್ತೆ. ನಮ್ಮದು ಹಾಗಲ್ಲ, 49 ಅಕ್ಷರದಲ್ಲಿ ನೇರ ಗೆರೆ ಹುಡುಕಬೇಕು, ಎಲ್ಲಾ ಸುತ್ತು, ಸುತ್ತಿ ವಾಪಸ್ ಬರೋದು, ಬಂದು ಮತ್ತೆ ಮೇಲೆ ತಲೆಕಟ್ಟು, ಅದರ ಮೇಲೆ ಗುಣಿತ, ಕೆಳಗೆ ಒತ್ತು. ಬೆರಳು ಒಂದೇ ಅಕ್ಷರದೊಳಗೆ ಮೂರ್ನಾಲ್ಕು ಸಲ ದಿಕ್ಕು ಬದಲಿಸಬೇಕು. ಣ ಬರೆಯೋವಾಗ ಇವಳು ಅರ್ಧದಲ್ಲಿ ಪೆನ್ಸಿಲ್ ಎತ್ತಿ ನಿಲ್ತಿದ್ಲು, ನಾನು ಮರೆತಿದಾಳೆ ಅಂದ್ಕೊಂಡು ಮತ್ತೆ ಮತ್ತೆ ಹೇಳಿಕೊಡ್ತಿದ್ದೆ. ಮರೆತಿರಲಿಲ್ಲ, ಸುಸ್ತಾಗಿ ನಿಲ್ತಿದ್ಲು.

ಆಕ್ಯುಪೇಷನಲ್ ಥೆರಪಿ ಅಂದ ತಕ್ಷಣ ನಮ್ಮೆಜಮಾನರು ಕೇಳಿದ ಮೊದಲ ಪ್ರಶ್ನೆ, "ಅವಳಿಗೇನು ಕೆಲಸಕ್ಕೆ ಹೋಗಬೇಕಾ?" ಅಂತ. ಹೆಸರೇ ಹಂಗಿದೆ ಪಾಪ. ಇಲ್ಲಿ ಆಕ್ಯುಪೇಷನ್ ಅಂದ್ರೆ ಸಂಬಳದ ಕೆಲಸ ಅಲ್ಲ, ದಿನ ತುಂಬೋ ಕೆಲಸ. ಮಗುವಿಗೆ ಆಡೋದು, ಗುಂಡಿ ಹಾಕ್ಕೊಳೋದು, ತಲೆ ಬಾಚಿಸ್ಕೊಳೋದು, ಬರೆಯೋದು ಎಲ್ಲಾ ಅದೇ. ಅಮೆರಿಕದಲ್ಲಿ ಜೀನ್ ಏರ್ಸ್ ಅಂತ ಒಬ್ಬ ಥೆರಪಿಸ್ಟ್ ಇದ್ರು, ಮಕ್ಕಳ ಕಲಿಕೆಗೂ ಮೈಯ ಸಂವೇದನೆಗಳಿಗೂ ಸಂಬಂಧ ಇದೆ ಅಂತ ವರ್ಷಗಟ್ಟಲೆ ಕೆಲಸ ಮಾಡಿ 1972ರಲ್ಲಿ ಪುಸ್ತಕ ತಂದ್ರು, ಈ ಜೋಕಾಲಿ, ಮೃದು ಚೆಂಡು, ಹಗ್ಗ ಎಲ್ಲಾ ಥೆರಪಿ ರೂಮಿಗೆ ಬಂದಿದ್ದು ಆ ದಾರಿಯಿಂದ. ಹಾಗಂತ ಕಂಡಿದ್ದಕ್ಕೆಲ್ಲ ಸೆನ್ಸರಿ, ಅಂದ್ರೆ ಮೈಯ ಸಂವೇದನೆಯ ತೊಂದರೆ, ಅಂತ ಹಣೆಪಟ್ಟಿ ಹಚ್ಚೋದೂ ನನಗೆ ಇಷ್ಟ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೇ 2012ರಲ್ಲಿ, ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್ ಅನ್ನೋದನ್ನ ಪ್ರತ್ಯೇಕ ಕಾಯಿಲೆ ಅಂತ ಬರೆದುಕೊಡಬೇಡಿ, ಬೇರೆ ಕಾರಣ ಏನಾದ್ರೂ ಇದೆಯಾ ನೋಡಿ, ಥೆರಪಿಯಿಂದ ಉಪಯೋಗ ಆಗ್ತಿದೆಯಾ ಅಂತ ಅಳೀತಾ ಹೋಗಿ ಅಂತ ಹೇಳಿದೆ. ಈ ಮೇಡಂ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ. ಕಾಯಿಲೆ ಹೆಸರು ಯಾವುದೂ ಹೇಳಲಿಲ್ಲ. "ಮೂರು ತಿಂಗಳಲ್ಲಿ ಐದು ಸಾಲು, ಕೈ ನೋವಿಲ್ಲದೆ. ಆಗಲಿಲ್ಲ ಅಂದ್ರೆ ನಾನು ಮಾಡ್ತಿರೋದನ್ನ ಬದಲಿಸ್ತೀನಿ" ಅಂದ್ರು. ಮಗುವನ್ನಲ್ಲ, ತಾವು ಮಾಡ್ತಿರೋದನ್ನ. ನಾನು ಇಷ್ಟು ದಿನ ಹೇಳ್ತಿದ್ದಿದ್ದು ಇದರ ಉಲ್ಟಾ.

ಆ ಕೀಬೋರ್ಡ್ ಮಾತಿಗೂ ಉತ್ತರ ಸಿಕ್ತು. ಇಂಡಿಯಾನಾ ಯೂನಿವರ್ಸಿಟಿಯ ಕರಿನ್ ಜೇಮ್ಸ್ ಅವರ ತಂಡ 2012ರಲ್ಲಿ, ಇನ್ನೂ ಓದೋಕೆ ಬರದ ಐದು ವರ್ಷದ ಆಸುಪಾಸಿನ ಮಕ್ಕಳ ಮೆದುಳು ಸ್ಕ್ಯಾನ್ ಮಾಡಿ ನೋಡಿದ್ರು. ಅಕ್ಷರವನ್ನ ತಾವೇ ಕೈಯಾರೆ ಬರೆದು ಕಲಿತಾಗ ಓದೋಕೆ ಬೇಕಾದ ಭಾಗಗಳು ಎಚ್ಚೆತ್ತಷ್ಟು, ಟೈಪ್ ಮಾಡಿದಾಗಲೂ ಇಲ್ಲ, ಚುಕ್ಕಿ ಮೇಲೆ ತಿದ್ದಿದಾಗಲೂ ಇಲ್ಲ. ಚುಕ್ಕಿ ಮೇಲೆ ತಿದ್ದಿಸೋ ಪುಸ್ತಕ ನಮ್ಮನೇಲಿ ಏಳು ಇವೆ. ಆದ್ರೆ ಮೇಡಂ ಕೀಬೋರ್ಡನ್ನ ಬೈಯಲಿಲ್ಲ, ಕಥೆ ಉದ್ದ ಇದ್ರೆ ಅವಳು ಹೇಳಲಿ ನೀವು ಬರ್ಕೊಳಿ, ಕೈ ಸೋತಿದ್ದಕ್ಕೆ ಕಥೆ ಸಾಯಬಾರದು ಅಂದ್ರು. ಪೆನ್ಸಿಲ್ ಹಿಡಿಯೋ ರೀತಿನೂ ಒಂದೇ ಸರಿ ಅಂತಿಲ್ಲವಂತೆ, ಮೂರು ಬೆರಳು ನಾಲ್ಕು ಬೆರಳು ಹೀಗೆ ನಾಲ್ಕು ಥರದ ಹಿಡಿತ ನಡೆಯುತ್ತೆ, ಬೆರಳು ಆಡ್ತಿದ್ರೆ ನೋವಿಲ್ಲದಿದ್ರೆ ಸಾಕು. ಹಿಡಿತ ಸರಿ ಮಾಡೋಕೆ ಪೆನ್ಸಿಲ್‌ಗೆ ತೊಡಿಸೋ ಆ ರಬ್ಬರ್ ಗ್ರಿಪ್‌ಗಳ ಜೊತೆ ನಾನು ಮಾಡಿರೋ ಯುದ್ಧ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಬುಧವಾರ ಬೆಳಿಗ್ಗೆ ಕುರ್ಚಿ ಕೆಳಗೆ ಒಂದು ಮಣೆ ಇಟ್ಟೆ, ಪಾದ ಊರೋಕೆ. ಬರೆಯೋ ಮುಂಚೆ ಹತ್ತು ನಿಮಿಷ ಭಾರದ ಕೆಲಸ, ಗೋಡೆ ತಳ್ಳೋದು, ಪುಸ್ತಕದ ರಾಶಿ ಈ ರೂಮಿಂದ ಆ ರೂಮಿಗೆ ಹೊರೋದು, ಕರಡಿ ನಡಿಗೆ. ಮೇಜು ಬಿಟ್ಟು ಗೋಡೆಗೆ ಹಾಳೆ ಅಂಟಿಸಿ ನಿಂತು ಬರೆಯೋದು, ಆಗ ಮಣಿಕಟ್ಟು ತಾನಾಗೇ ಹಿಂದಕ್ಕೆ ಬಾಗಿ ಸರಿ ಕೂರುತ್ತೆ. ಬಳಪ ಮುರಿದು ಗೋಲಿಯಷ್ಟು ತುಂಡು ಕೊಟ್ಟೆ, ಅಷ್ಟು ಚಿಕ್ಕದನ್ನ ಮುಷ್ಟಿಯಲ್ಲಿ ಹಿಡಿಯೋಕೆ ಆಗಲ್ಲ, ಬೆರಳ ತುದಿಯೇ ಬೇಕು. ಗಟ್ಟಿ ಮೇಣದ ಮಣ್ಣಲ್ಲಿ ಮಣಿ ಹೂತಿಟ್ಟು ಕಣ್ಣು ಮುಚ್ಚಿ ಹುಡುಕೋ ಆಟ ಅವಳಿಗೆ ತುಂಬಾ ಹಿಡಿಸಿಬಿಟ್ಟಿದೆ. ದ ಬರೆದ ಮೇಲೆ ಧ, ಥ ಒಟ್ಟಿಗೇ, ಒಂದೇ ತಿರುವಿನಿಂದ ಹುಟ್ಟೋ ಅಕ್ಷರ ಅಂತ. ಹಾಳೆ ಕೆಳಗೆ ಮೌಸ್ ಪ್ಯಾಡ್, ಜೋರಾಗಿ ಒತ್ತಿದ್ರೆ ತೂತು ಬೀಳುತ್ತೆ, ತೂತು ಬೀಳದ ಹಾಗೆ ಬರೆದ್ರೆ ಅವಳು ಗೆದ್ದ ಹಾಗೆ. ಒಂದೊಂದು ಸಲಕ್ಕೂ ಐದೇ ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಇದನ್ನ ಮಾತ್ರ ಒತ್ತಿ ಹೇಳ್ತೀನಿ, ಮಗು ಮನೇಲೇ ಇರೋದ್ರ ಲಾಭ ಇಲ್ಲಿದೆ, ಬೆಲ್ ಹೊಡೆಯೋರು ಯಾರೂ ಇಲ್ಲ, ಅವಳ ಕೈ ಸೋತಾಗ ಪಾಠ ನಿಲ್ಲಬಹುದು.

ಗುರುವಾರ ಸಂಜೆ ಗೋಡೆ ಹತ್ರ ನಿಂತು ಬರೀತಿದ್ಲು. ನಾನು ಮೊದಲ ಸಲ ಕೇಳಿದೆ, ಬರೆಯೋವಾಗ ಕೈ ನೋಯುತ್ತಾ ಪುಟ್ಟಿ ಅಂತ. ತಿರುಗಿ ಕೂಡ ನೋಡದೆ, ತುಂಬಾ ಮಾಮೂಲಿ ಸಂಗತಿ ಅನ್ನೋ ಹಾಗೆ ಅಂದ್ಲು, "ಹ್ಞೂಂ, ನೋಯುತ್ತೆ. ನಿಂಗೂ ನೋಯುತ್ತಲ್ವಾ?"

ಎಲ್ಲರಿಗೂ ನೋಯುತ್ತೆ ಅಂದ್ಕೊಂಡಿದ್ಲು. ಬರೆಯೋದು ಅಂದ್ರೇನೇ ಹಾಗೆ, ಅಮ್ಮನಿಗೂ ನೋಯುತ್ತೆ, ಆದ್ರೂ ಅಮ್ಮ ಬರೀತಾಳೆ, ನಾನೂ ಬರೀಬೇಕು ಅಂತ. ಅದಕ್ಕೇ ಎರಡು ವರ್ಷದಲ್ಲಿ ಒಂದು ದಿನನೂ ನೋವು ಅಂತ ದೂರು ಹೇಳಿಲ್ಲ. ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಕೊಂಡು ನಿಂತಿದ್ದೆ.

ನಿನ್ನೆ ರಾತ್ರಿ ಅವಳು ಮಲಗಿದ ಮೇಲೆ ಹಳೇ ನೋಟ್‌ಬುಕ್ಕೆಲ್ಲ ಕಪಾಟಿಂದ ಇಳಿಸಿದೆ. ಒಂದು ಪುಟದಲ್ಲಿ ಅವಳು ಆರು ಸಾಲು ಬರೆದಿದಾಳೆ, ಆರನೇ ಸಾಲು ಕೆಳಗೆ ಜಾರಿದೆ. ಅದರ ಪಕ್ಕ ಮಾರ್ಜಿನ್‌ನಲ್ಲಿ ನಾನು ಕೆಂಪು ಪೆನ್ನಲ್ಲಿ ಬರೆದಿದೀನಿ, ಇನ್ನೂ ನೀಟಾಗಿ ಬರಿ ಅಂತ. ಲೈಟ್ ಆಫ್ ಮಾಡಿ ಹಾಳೆ ತಿರುಗಿಸಿ ಬೆರಳಿಟ್ಟೆ. ಅವಳ ಆರು ಸಾಲೂ ಒಂದೊಂದಾಗಿ ಕೈಗೆ ಸಿಕ್ಕಿದ್ವು, ಎಲ್ಲಿ ತಿರುಗಿಸಿದಾಳೆ, ಎಲ್ಲಿ ನಿಂತಿದಾಳೆ ಎಲ್ಲಾ. ನನ್ನ ಅಕ್ಷರ ಎಲ್ಲಿದೆ ಅಂತ ಹುಡುಕಿದೆ. ಆ ಜಾಗದಲ್ಲಿ ಹಾಳೆ ನುಣ್ಣಗಿತ್ತು.