ಕಾಂಟೆಸ್ಸಾಗೆ ಯಾವ ಇಂಜಿನ್ ಹಾಕ್ಸಿದೀರಾ ಅಂತ ಕೇಳೋರಿಗೆ

ಪೆಟ್ರೋಲ್ ಬಂಕಲ್ಲಿ, ಸಿಗ್ನಲ್ಲಲ್ಲಿ, ಮದುವೆ ಛತ್ರದ ಪಾರ್ಕಿಂಗಲ್ಲಿ, ನನ್ನ ಹಳೇ ಕಾಂಟೆಸ್ಸಾ ಕಾರನ್ನ ಎಲ್ಲಿ ನಿಲ್ಸಿದ್ರೂ ಯಾರಾದ್ರೂ ಒಬ್ರು ಹತ್ರ ಬಂದು ಬಾನೆಟ್ ಮೇಲೆ ಕೈ ಇಟ್ಟು ಕೇಳ್ತಾರೆ, "ಸಾರ್, ಯಾವ ಇಂಜಿನ್ ಹಾಕ್ಸಿದೀರಾ?" ಅದರದ್ದೇ ಇಂಜಿನ್ ಅಂದ ತಕ್ಷಣ ಮುಖ ಸಪ್ಪಗಾಗುತ್ತೆ. ಕಾಂಟೆಸ್ಸಾ ಅಂದ್ರೆ ಜಪಾನಿಂದ ದೊಡ್ಡ ಟರ್ಬೊ ಇಂಜಿನ್ ತಂದು ಕೂರ್ಸೋದು ಅಂತ ವಿಡಿಯೋ ನೋಡಿ ನೋಡಿ ಎಲ್ಲರ ತಲೇಲೂ ಕೂತುಬಿಟ್ಟಿದೆ. ನಾನು ಯಾಕೆ ಹಾಗೆ ಮಾಡ್ಸಿಲ್ಲ, ಮತ್ತೆ ಏನು ಮಾಡ್ಸಿದೀನಿ ಅನ್ನೋದನ್ನ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ.

ನಂದು 1995ರ ಕಾಂಟೆಸ್ಸಾ ಕ್ಲಾಸಿಕ್ ಪೆಟ್ರೋಲ್, ಹಾಸನದ ಕಡೆ ನಮ್ಮ ಸೋದರಮಾವನ ಗಾಡಿ, ಅವರಾದ್ಮೇಲೆ ನನ್ನ ಕೈಗೆ ಬಂತು. ಈ ಕಾರಿನ ಮೂಲ ಇಂಗ್ಲೆಂಡಿನ ವಾಕ್ಸಾಲ್, ಅವರು ಕೈಬಿಟ್ಟ ಮಾಡೆಲ್ಲನ್ನ ಹಿಂದುಸ್ತಾನ್ ಮೋಟಾರ್ಸ್‌ನೋರು ತಂದು 1984ರ ಹೊತ್ತಿಗೆ ಬಂಗಾಳದ ಉತ್ತರಪಾರಾದಲ್ಲಿ ಮಾಡೋಕೆ ಶುರು ಮಾಡಿದ್ರು, ಮೊದಮೊದಲು ಅಷ್ಟು ದೊಡ್ಡ ಬಾಡಿಗೆ ಅಂಬಾಸಡರಿನ 1489 ಸಿಸಿ ಇಂಜಿನ್ನೇ ಹಾಕಿದ್ರು, ಎಳೆಯೋಕೆ ಪಾಪ ಒದ್ದಾಡ್ತಿತ್ತು. ಆಮೇಲೆ ಇಸುಝು 1817 ಸಿಸಿ ಇಂಜಿನ್, 5 ಗೇರು ಬಂತಲ್ಲ, ಆಗ್ಲೇ ಇದು ನಿಜವಾದ ದೊಡ್ಡ ಮನುಷ್ಯರ ಕಾರಾಗಿದ್ದು. 2002ಕ್ಕೆ ತಯಾರಿ ನಿಲ್ತು.

ಆ ಇಸುಝು ಇಂಜಿನ್ ತುಂಬಾ ಒಳ್ಳೇ ಇಂಜಿನ್. ಟೈಮಿಂಗ್ ಬೆಲ್ಟ್ ಅಲ್ಲ, ಚೈನು. ಅದಕ್ಕಿಂತ ಮುಖ್ಯ ಏನಂದ್ರೆ ಅಂಬಾಸಡರ್ 1800 ಐಎಸ್‌ಝಡ್‌ಗೂ ಇದೇ ಇಂಜಿನ್, ಅಂಬಾಸಡರ್ 2014ರ ತನಕ ಬರ್ತಾ ಇತ್ತು, ಹಂಗಾಗಿ ಪಿಸ್ಟನ್ ರಿಂಗು, ಹೆಡ್ ಗ್ಯಾಸ್ಕೆಟ್, ವಾಟರ್ ಪಂಪು ಇವೆಲ್ಲ ಇವತ್ತಿಗೂ ಬೆಂಗಳೂರಿನ ಜೆಸಿ ರೋಡಲ್ಲಿ ಹುಡುಕಿದ್ರೆ ಸಿಗುತ್ತೆ, ಇಲ್ಲಾಂದ್ರೆ ಕೋಲ್ಕತ್ತಾದ ಮಲ್ಲಿಕ್ ಬಜಾರಿಂದ ಪಾರ್ಸೆಲ್ ತರಿಸ್ಕೋಬಹುದು. ಪಾರ್ಟ್ಸ್ ಸಿಗೋ ಇಂಜಿನ್ ಕಿತ್ತಾಕಿ ಬೇರೆ ಯಾವ್ದೋ ಕೂರ್ಸಿದ್ರೆ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಬ್ರೇಕು, ವೈರಿಂಗು ಎಲ್ಲಾ ಬದಲಾಗ್ಬೇಕು, ಆರ್‌ಸಿ ಕಥೆ ಬೇರೆ.

ನನ್ನ ಲೆಕ್ಕ ಇಷ್ಟೇ, ಮೊದಲು ಗಾಡಿ ಫ್ಯಾಕ್ಟರಿಯಿಂದ ಬಂದಾಗ ಹೆಂಗಿತ್ತೋ ಅಲ್ಲಿಗೆ ಅದನ್ನ ವಾಪಸ್ ತರ್ಬೇಕು, ಆಮೇಲೆ ಅಪ್‌ಗ್ರೇಡ್ ಅಂತ ಏನೇ ಮಾಡ್ಸಿದ್ರೂ ನಾಳೆ ಬೇಡ ಅನ್ಸಿದ್ರೆ ಬಿಚ್ಚಿ ಮೊದಲಿನ ಥರಾನೇ ಮಾಡೋ ಹಂಗಿರ್ಬೇಕು. ಇದು ನಂಗೆ ಗೊತ್ತಾಗಿದ್ದು ಶಿರಾಡಿ ಘಾಟಲ್ಲಿ.

ಗುಂಡ್ಯ ದಾಟಿ ಮೇಲೆ ಹತ್ತುತಾ ಇದ್ವಿ, ಮೇ ತಿಂಗಳು, ಎಸಿ ಹಾಕಿತ್ತು. ದೋಣಿಗಲ್ ಇನ್ನೇನು ಬರ್ಬೇಕು ಅನ್ನೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಬಾನೆಟ್ ಸಂದಿಂದ ಹಬೆ. ಪಕ್ಕಕ್ಕೆ ಹಾಕಿ ಒಂದು ಗಂಟೆ ಕೂತು, ತಣ್ಣಗಾದ್ಮೇಲೆ ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ಲು ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಇಂಜಿನ್ನಿನ ಬ್ಲಾಕು ಮತ್ತೆ ಹೆಡ್ಡಿನ ಸಂದು ಮುಚ್ಚೋ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ ಒಳಗೆ ಸೇರಿತ್ತು. ಕೆಳಗಿನ ಬ್ಲಾಕು ಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ, ಬಿಸಿಗೆ ಎರಡೂ ಒಂದೇ ಸಮ ಹಿಗ್ಗಲ್ಲ, ಒಂದ್ಸಲ ಜೋರಾಗಿ ಓವರ್‌ಹೀಟ್ ಆದ್ರೂ ಹೆಡ್ಡು ಸೊಟ್ಟ ಆಗಿಬಿಡಬಹುದು. ಬಿಚ್ಚಿಸಿ ಲೇತಲ್ಲಿ ಉದ್ದನೆ ಪಟ್ಟಿ ಇಟ್ಟು ಅಡಿಗೆ ಸಂದು ಅಳೆಯೋ ತೆಳು ತಗಡು, ಅಂದ್ರೆ ಫೀಲರ್ ಗೇಜ್ ತೂರಿಸಿ ನೋಡಿದ್ರು, ನಡುವೆ ಕಣ್ಣಿಗೇ ಬೆಳಕು ಕಾಣ್ತಿತ್ತು.

ಕಾರಣ ಹುಡುಕ್ತಾ ಹೋದ್ರೆ ಎರಡು ಸಿಕ್ತು. ರೇಡಿಯೇಟರಿಗೆ ವರ್ಷಗಟ್ಲೆ ಕೂಲೆಂಟ್ ಬದ್ಲು ಬೋರ್‌ವೆಲ್ ನೀರು ಹಾಕಿದ್ರು, ಕೋರ್ ಕೊಯ್ದು ನೋಡಿದ್ರೆ ಹಂಡೆ ಒಳಗೆ ಕಟ್ಟುತ್ತಲ್ಲ ಆ ಥರ ಬಿಳೀ ಸುಣ್ಣ ಕಟ್ಕೊಂಡು ಅರ್ಧಕ್ಕರ್ಧ ಟ್ಯೂಬು ಮುಚ್ಚೇ ಹೋಗಿತ್ತು. ಇನ್ನೊಂದು, ಹಿಂದೆ ಯಾರೋ ಮೆಕ್ಯಾನಿಕ್, ಇಂಜಿನ್ ಬಿಸಿ ಆಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದ ವಾಲ್ವ್ ಇರುತ್ತಲ್ಲ, ಆ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿದ್ರು. "ನಮ್ಮೂರ ಬಿಸಿಲಿಗೆ ಅದು ಬೇಡ ಸಾರ್" ಅನ್ನೋ ಮಾತು ನೀವೂ ಕೇಳಿರ್ತೀರ, ದಯವಿಟ್ಟು ಅದನ್ನ ಒಪ್ಪಬೇಡಿ. ಅದಿಲ್ದೆ ಇದ್ರೆ ಇಂಜಿನ್ ಬೇಗ ಬಿಸಿ ಆಗಲ್ಲ, ಪ್ಲಗ್ ಕಪ್ಪಗಾಗುತ್ತೆ, ಮೈಲೇಜ್ ಬೀಳುತ್ತೆ, ರೇಡಿಯೇಟರ್ ಕಟ್ತಾ ಇರೋದು ನಮಗೆ ಕಾಣೋದೇ ಇಲ್ಲ, ಘಾಟ್ ಹತ್ತೋ ದಿನ ಎಲ್ಲಾ ಒಟ್ಟಿಗೆ ಕಾಣುತ್ತೆ. ಹೆಡ್ ಲೆವೆಲ್ ಮಾಡ್ಸಿ, ತಾಮ್ರದ ಹೊಸ ಕೋರ್ ಕಟ್ಸಿ, 82 ಡಿಗ್ರಿ ಥರ್ಮೋಸ್ಟಾಟ್ ವಾಪಸ್ ಹಾಕ್ಸಿ, ಕೂಲೆಂಟನ್ನ ಡಿಸ್ಟಿಲ್ಡ್ ವಾಟರಲ್ಲಿ ಬೆರೆಸಿ ತುಂಬಿಸಿದೆ. ಅದಾದ್ಮೇಲೆ ಅದೇ ಶಿರಾಡಿ ನಾಲ್ಕು ಸಲ ಹತ್ತಿದೀನಿ, ಮುಳ್ಳು ಅರ್ಧ ದಾಟಿಲ್ಲ.

ಬ್ರೇಕ್ ವಿಷ್ಯ ಜಾಸ್ತಿ ಹೇಳಲ್ಲ. ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸು, ಬೂಸ್ಟರ್ ಎಲ್ಲಾ ಹೊಸದು, ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೇ ಎರಡು ವರ್ಷ, ಮೇಲಿನ ಗ್ರಿಪ್ಪು ಎಷ್ಟೇ ಚೆನ್ನಾಗಿ ಕಂಡ್ರೂ ಹತ್ತು ವರ್ಷದ ಟೈರ್ ಮೇಲೆ ಹೈವೇಗೆ ಹೋಗ್ಬೇಡಿ.

ದುಡ್ಡು ಕಮ್ಮಿ ಖರ್ಚಾಗಿ ಖುಷಿ ಜಾಸ್ತಿ ಕೊಟ್ಟಿದ್ದು ಅಂದ್ರೆ ಹೆಡ್‌ಲೈಟಿಗೆ ರಿಲೇ, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು. ಬೆಳಕು ಮಂಕು ಅಂತ ಎಲ್ಲರೂ ಎಲ್‌ಇಡಿ ಹಾಕ್ಸು ಅಂದ್ರು. ನಾನು ಇಂಜಿನ್ ಓಡ್ತಿರೋವಾಗ ಮೀಟರ್ ಹಿಡಿದು ನೋಡಿದೆ, ಬ್ಯಾಟರಿ ಹತ್ರ 13.8 ವೋಲ್ಟು, ಬಲ್ಬ್ ಹೋಲ್ಡರ್ ಹತ್ರ ಬರೀ 11.6. ಕರೆಂಟೆಲ್ಲಾ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ಹೋಗಿ, ಸಣ್ಣ ಹಳೇ ವೈರಲ್ಲಿ ವಾಪಸ್ ಬರೋದ್ರೊಳಗೆ ದಾರೀಲೇ ಸೋರಿ ಹೋಗ್ತಿತ್ತು. ಬ್ಯಾಟರಿಯಿಂದ ನೇರ ದಪ್ಪ ವೈರು, ಫ್ಯೂಸು, ಎರಡು ರಿಲೇ, ಅಷ್ಟೇ, ಅದೇ 60/55 ವ್ಯಾಟ್ ಹ್ಯಾಲೋಜನ್ ಬಲ್ಬು ಈಗ ಹಾಲು ಚೆಲ್ಲಿದಂಗೆ ಬೆಳಕು ಕೊಡುತ್ತೆ, ಎದುರು ಬರೋರ ಕಣ್ಣಿಗೂ ಚುಚ್ಚಲ್ಲ.

ಎಸಿ ಕೇಳೋರೂ ಜಾಸ್ತಿ. ಹಳೇ ಆರ್-12 ಗ್ಯಾಸ್ ಓಝೋನ್ ಕಾರಣಕ್ಕೆ ನಿಂತುಹೋಯ್ತು, ಈಗ ಆರ್-134ಎ. ಬರೀ ಗ್ಯಾಸ್ ಬದಲಾಯಿಸಿದ್ರೆ ಸಾಲಲ್ಲ, ಹಳೇ ಮಿನರಲ್ ಆಯಿಲ್ ಈ ಗ್ಯಾಸ್ ಜೊತೆ ಬೆರೆಯಲ್ಲ, ಕಂಪ್ರೆಸರ್ ಒಣಗಿ ಹಿಡಿಯುತ್ತೆ, ಹಂಗಾಗಿ ಆಯಿಲ್ಲು, ಡ್ರೈಯರ್, ಓ-ರಿಂಗು ಎಲ್ಲಾ ಹೊಸದು ಹಾಕಿ, ಸಾಧ್ಯ ಆದ್ರೆ ಕಂಡೆನ್ಸರೂ ಹೊಸ ನಮೂನೆದು ಹಾಕ್ಸಿ.

ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ನಂಗೆ ನಿಜಕ್ಕೂ ಚಿಂತೆ. ಎಥನಾಲ್ ನೀರು ಎಳ್ಕೊಳ್ಳುತ್ತೆ, ಹಳೇ ರಬ್ಬರ್ ಪೈಪು ಒಳಗಿಂದ ಮೆತ್ತಗಾಗುತ್ತೆ, ಟ್ಯಾಂಕ್ ತುಕ್ಕು ಹಿಡಿಯುತ್ತೆ. ಫ್ಯುಯಲ್ ಹೋಸ್ ಎಲ್ಲಾ ಎಥನಾಲ್ ತಡೆಯೋದಕ್ಕೆ ಬದಲಾಯಿಸಿದೀನಿ, ತಿಂಗಳುಗಟ್ಲೆ ನಿಲ್ಸೋದಾದ್ರೆ ಕಾರ್ಬುರೇಟರ್ ಖಾಲಿ ಮಾಡ್ತೀನಿ.

ಆರ್‌ಸಿ ಬಗ್ಗೆ, ಕರ್ನಾಟಕದಲ್ಲಿ ದೆಹಲಿ ಥರ ವಯಸ್ಸಾಯ್ತು ಅಂತ ಗಾಡಿ ನಿಲ್ಸಲ್ಲ, 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಫಿಟ್ನೆಸ್ ತೋರ್ಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ರಿನ್ಯೂ ಮಾಡಿಸ್ಬೇಕು, 2025ರ ಆಗಸ್ಟಿಂದ 20 ವರ್ಷ ದಾಟಿದ ಕಾರಿಗೆ ಫೀಸು 10,000 ರೂಪಾಯಿ. ಆಗ ಇಂಜಿನ್ ನಂಬರ್ ನೋಡೇ ನೋಡ್ತಾರೆ. ಗಾಡಿ ಮಾರ್ಪಾಡಿನ ಬಗ್ಗೆ ಇರೋ ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಒಂದ್ಸಲ ಓದ್ಕೊಂಡು ಆಮೇಲೆ ಬೇರೆ ಇಂಜಿನ್ ಕೂರ್ಸೋ ಯೋಚ್ನೆ ಮಾಡಿ.

ತಗೊಳ್ಳೋಕೆ ಹೊರಟೋರಿಗೆ ಒಂದ್ಮಾತು, ಬಟ್ಟೆ ಸುತ್ತಿದ ಅಯಸ್ಕಾಂತ ಜೇಬಲ್ಲಿಟ್ಕೊಂಡು ಹೋಗಿ. ಬಾಗಿಲ ಕೆಳಗೆ, ಡಿಕ್ಕಿ ನೆಲ, ಬ್ಯಾಟರಿ ಅಡಿ ಇಟ್ಟು ನೋಡಿ, ಅಂಟದೇ ಜಾರಿದ್ರೆ ಅಲ್ಲಿ ತಗಡಿಲ್ಲ, ಪುಟ್ಟಿ. ಇಂಜಿನ್ ಎಷ್ಟು ಹಾಳಾಗಿದ್ರೂ ರೆಡಿ ಆಗುತ್ತೆ, ತುಕ್ಕು ಹಿಡಿದ ಬಾಡಿ ಮಾತ್ರ ಬೇಡ. ಯಾಕಂದ್ರೆ ಬಾಡಿ ಸಾಮಾನು, ಗಾಜು, ಬೀಡಿಂಗ್ ರಬ್ಬರ್, ಟೈಲ್ ಲ್ಯಾಂಪ್ ಲೆನ್ಸು ಇವಕ್ಕೆ ಅಂಬಾಸಡರ್ ನೆರವಿಗೆ ಬರಲ್ಲ. ಶಿವಾಜಿನಗರದ ಗುಜರಿಯಲ್ಲಿ ಹೋದ್ವರ್ಷ ಒಂದು ಮುಂದಿನ ಗಾಜು ಗೀರಿಲ್ದೆ ಸಿಕ್ತು, ಅಮ್ಮನ ಎರಡು ಹಳೇ ಕಾಟನ್ ಸೀರೆ ಸುತ್ತಿ ಅಟ್ಟದ ಮೇಲೆ ನಿಲ್ಸಿಟ್ಟಿದೀನಿ. ಹಿಂದಿನ ಗಾಜು ಇನ್ನೂ ಹುಡುಕ್ತಾ ಇದೀನಿ.