ಕತ್ತಿಗೆ ಒಂದು ದಾರ

ಗೊಂಬೆ ಚಹಾ ತಂದುಕೊಟ್ಟಿತು. ಆದರೆ ಅದು ತಲೆಯಾಡಿಸಿದ ರೀತಿ ನೋಡಿದರೆ ಯಾರೋ ಹಿಂದಿನಿಂದ ಮೊಟಕುತ್ತಿರುವ ಹಾಗಿತ್ತು. ಪ್ರದರ್ಶನಕ್ಕೆ ಉಳಿದದ್ದು ಒಂದೇ ದಿನ.

ಜಪಾನಿನ ಕರಕುರಿ, ಅಂದರೆ ಒಳಗಿನ ಯಂತ್ರದಿಂದ ತಾವೇ ಆಡುವ ಹಳೆಯ ಗೊಂಬೆಗಳಲ್ಲಿ, ಚಹಾ ತರುವ ಗೊಂಬೆ ಬಹಳ ಹೆಸರುವಾಸಿ. 1796ರಲ್ಲಿ ಅಚ್ಚಾದ, ಹೊಸೊಕಾವಾ ಹಾಂಜೊ ಬರೆದ 'ಕರಕುರಿ ಜುಯಿ'ಯಲ್ಲಿ ಇದರ ಹೊಟ್ಟೆಯೊಳಗಿನ ಚಿತ್ರಗಳೇ ಇವೆ. ತಟ್ಟೆಯ ಮೇಲೆ ಬಟ್ಟಲಿಟ್ಟರೆ ಆ ಭಾರಕ್ಕೆ ಕೈ ಚೂರು ಇಳಿಯುತ್ತದೆ, ಒಳಗಿನ ತಡೆ ಬಿಡುತ್ತದೆ, ಗೊಂಬೆ ಹೊರಡುತ್ತದೆ. ಬಟ್ಟಲೆತ್ತಿಕೊಂಡರೆ ನಿಲ್ಲುತ್ತದೆ. ವಾಪಸ್ ಇಟ್ಟರೆ ತಿರುಗಿಕೊಂಡು ಬಂದ ಕಡೆಗೇ ಹೋಗುತ್ತದೆ. ಸ್ಪ್ರಿಂಗ್ ಕೂಡ ಲೋಹದ್ದಲ್ಲ, ತಿಮಿಂಗಿಲದ ಬಾಯಲ್ಲಿರುವ ಬಲೀನ್ ಪಟ್ಟಿಯದು!

ನಾನು ಆನಿಮೇಷನ್ ಕಲಿತು, ಆಮೇಲೆ ಮೋಟರ್‌ಗಳ ಸಹವಾಸಕ್ಕೆ ಬಿದ್ದವಳು. ಅದೇ ಮಾದರಿಯಲ್ಲಿ ಮಾಡಿದ ನನ್ನ ಗೊಂಬೆಯ ಚಕ್ರಕ್ಕೆ ಒಂದು ಮೋಟರ್, ಕತ್ತಿಗೆ ಒಂದು ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್. ಸರ್ವೊಗೆ ಕೋನ ಹೇಳಿದರೆ ಸಾಕು, ಟಕ್ಕನೆ ಅಲ್ಲಿಗೆ ಹಾರುತ್ತದೆ. ನಿಧಾನವಾಗಿ ಶುರುವಾಗಿ ನಿಧಾನವಾಗಿ ನಿಲ್ಲುವ ಹಾಗೆ ಕೋಡ್ ಬರೆದೆ. ಈಗ ಲಿಫ್ಟಿನ ಬಾಗಿಲಿನಷ್ಟು ನಯ. ಅದೂ ಸರಿಹೋಗಲಿಲ್ಲ.

ಸಂಜೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಒಂದೊಂದೇ ಫ್ರೇಮ್ ನೋಡಿದೆ. ಮೈ ನಿಂತ ಫ್ರೇಮಿನಲ್ಲೇ ತಲೆಯೂ ನಿಂತಿತ್ತು. ನಾವು ನಡೆಯುತ್ತಾ ನಿಂತಾಗ ಹಾಗಾಗಲ್ಲ ಅಲ್ವಾ? ಮೈ ನಿಂತ ಮೇಲೂ ತಲೆ ಚೂರು ಮುಂದೆ ಹೋಗಿ ಹಿಂದೆ ಬರುತ್ತದೆ. ಆನಿಮೇಷನ್ ಪಾಠದಲ್ಲಿ ಕಲಿತದ್ದೇ. ಮೋಟರ್ ಗಲಾಟೆಯಲ್ಲಿ ಮರೆತಿದ್ದೆ, ಅಷ್ಟೇ. ತಲೆಯನ್ನು ನಾಲ್ಕು ಫ್ರೇಮ್ ತಡ ಮಾಡಿದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸೆಕೆಂಡಿನ ಆರನೇ ಒಂದು ಭಾಗ. ಗೊಂಬೆಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ಚಕ್ರ, ಕತ್ತು ಎರಡಕ್ಕೂ ಒಂದೇ ಬ್ಯಾಟರಿ ಕೊಟ್ಟಿದ್ದೆ. ಎರಡೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು, ಕೋಡ್ ಓಡಿಸುವ ಬೋರ್ಡ್ ರೀಸೆಟ್ ಆಗುತ್ತಿತ್ತು. ಗೊಂಬೆ ಅರ್ಧ ದಾರಿಯಲ್ಲೇ ಕಲ್ಲಾಗುತ್ತಿತ್ತು. ರಾತ್ರಿ ಹನ್ನೊಂದು ಗಂಟೆ. ಸಿಟ್ಟಿನಲ್ಲಿ ಸರ್ವೊನೇ ಕಿತ್ತುಹಾಕಿದೆ. ಕತ್ತಿನ ಕೆಳಗೆ ಒಂದು ತೂಕ ನೇತುಹಾಕಿ, ಚಕ್ರದ ಅಚ್ಚಿಗೆ ಮೊಟ್ಟೆಯಾಕಾರದ ಮರದ ಬಿಲ್ಲೆ ಕೂರಿಸಿ, ಅದರಿಂದ ಕತ್ತಿಗೆ ಒಂದು ದಾರ ಕಟ್ಟಿದೆ.

ಕೈ ನಡುಗಿ ದಾರ ಚೂರು ಸಡಿಲವಾಗಿಯೇ ಉಳಿಯಿತು. ಆ ಸಡಿಲ ತುಂಬುವಷ್ಟು ಹೊತ್ತು ತಲೆ ಸುಮ್ನಿತ್ತು, ಆಮೇಲೆ ಬಾಗಿತು. ಸಂಜೆಯೆಲ್ಲ ಕೂತು ಬರೆದ ನಾಲ್ಕು ಫ್ರೇಮ್ ಪುಕ್ಕಟೆ ಸಿಕ್ಕಿತ್ತು.

ಮರುದಿನ ಮೊದಲು ಬಟ್ಟಲೆತ್ತಿಕೊಂಡವರು ಒಬ್ಬ ಹಿರಿಯರು. ಗೊಂಬೆ ನಿಂತಿತು, ತಲೆ ಇನ್ನೂ ಮೆಲ್ಲಗೆ ಆಡುತ್ತಿತ್ತು. ಅವರೂ ತಲೆಯಾಡಿಸಿದರು. ಆಮೇಲೆ ಯಾರಾದರೂ ನೋಡಿದರಾ ಅಂತ ಸುತ್ತ ಕಣ್ಣಾಡಿಸಿದರು.